ಟೀ ಪೆಟ್ಟಿಗೆಯ ಪುಸ್ತಕಗಳು

ನಮ್ಮ ಮನೆಯಲ್ಲಿ ಒಂದು ಟೀ ಪೆಟ್ಟಿಗೆ ಇತ್ತು. ಪ್ಲೈವುಡ್ಡಿನದು, ಅಂಚಿಗೆಲ್ಲ ತಗಡಿನ ಪಟ್ಟಿ ಹೊಡೆದದ್ದು. ಟೀ ಮುಗಿದ ಮೇಲೆ ಅಂಗಡಿಯವರು ಮೂರು ಕಾಸಿಗೆ ಕೊಡುತ್ತಿದ್ದರಲ್ಲ, ಅಂಥದ್ದು. ಅಪ್ಪನನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಅಣ್ಣ ಅದನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ತಂದದ್ದು ಅಕ್ಕಿ ಇಡುವುದಕ್ಕೆ. ಆದರೆ ಅಮ್ಮ ಅದರಲ್ಲಿ ಕಾದಂಬರಿ ಇಟ್ಟಳು! ಅಕ್ಕಿ ಹಳೆಯ ಡಬ್ಬದಲ್ಲೇ ಉಳಿಯಿತು.

ಮೈಸೂರಿನ ಅಗ್ರಹಾರದ ವಠಾರ ಅದು. ಐದು ಮನೆ, ಒಂದು ಕೊಳಾಯಿ. ಐದು ಮನೆಯಲ್ಲೂ ಓದುವ ಹೆಂಗಸರಿದ್ದರು. ಆದರೆ ಪುಸ್ತಕ ಕೊಳ್ಳುವ ಶಕ್ತಿ ಒಬ್ಬರಿಗೂ ಇರಲಿಲ್ಲ. ಆದ್ದರಿಂದ ಒಂದು ಏರ್ಪಾಡು ಮಾಡಿಕೊಂಡಿದ್ದರು. ಮಹಡಿ ಮನೆಯವರು ‘ಸುಧಾ’ ತರಿಸುವುದು, ಹಿಂದಿನ ಮನೆ ಅತ್ತೆ ‘ಪ್ರಜಾಮತ’, ನಮ್ಮಲ್ಲಿ ‘ಕಸ್ತೂರಿ’. ಮೇಷ್ಟರ ಹೆಂಡತಿ ಏನನ್ನೂ ತರಿಸುತ್ತಿರಲಿಲ್ಲ. ಆದರೆ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕತ್ತರಿಸಿಟ್ಟುಕೊಂಡು, ಮುಗಿದ ಮೇಲೆ ಗೋಣಿ ಹೊಲಿಯುವ ದಬ್ಬಳದಿಂದ ಹೊಲಿದು, ಕ್ಯಾಲೆಂಡರಿನ ದಪ್ಪ ಕಾಗದದ ಹೊದಿಕೆ ಹಾಕಿ ಪುಸ್ತಕ ಮಾಡಿಕೊಡುತ್ತಿದ್ದುದು ಆಕೆಯೇ. ಹಾಗೆ ಹೊಲಿದವೂ ಅಂಗಡಿಯಿಂದ ತಂದವೂ ಸೇರಿ ಪೆಟ್ಟಿಗೆ ತುಂಬಿತು. ಒಂದು ಬಟ್ಟಲು ಸಕ್ಕರೆ ಸಾಲ ತೆಗೆದುಕೊಂಡು ಹೋದವರು ಹಿಂತಿರುಗಿಸುವಾಗ ಜೊತೆಗೆ ಪುಸ್ತಕವನ್ನೂ ಹಿಂತಿರುಗಿಸಿ ಇನ್ನೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದರು. ಮುಚ್ಚಿಕೊಳ್ಳುವುದೇಕೆ ಎನ್ನುತ್ತೀರಾ? ಕಾದಂಬರಿ ಓದುವ ಹೆಂಗಸಿನ ಮನೆಯಲ್ಲಿ ಹಾಲು ಉಕ್ಕುತ್ತದೆ, ಸಾರು ಸೀಯುತ್ತದೆ ಎಂಬ ಮಾತು ಆಗ ಇನ್ನೂ ಚಾಲ್ತಿಯಲ್ಲಿತ್ತು. ಸಾರು ಸೀದದ್ದೂ ಉಂಟು, ಸುಳ್ಳೇಕೆ ಹೇಳಲಿ!

ಹೆಂಗಸರ ಕೈಗೆ ಪುಸ್ತಕ ತಲುಪಿದ ದಾರಿ ಎಷ್ಟು ಸಣ್ಣದು, ಎಷ್ಟು ಹೊಸದು ಎಂದು ಆಗ ನಮಗೆ ತಿಳಿದಿರಲಿಲ್ಲ. ನಮ್ಮ ಊರಿಗೆ ಒಂದು ಗಂಟೆಯ ದಾರಿಯ ನಂಜನಗೂಡಿನಲ್ಲಿ 1887ರಲ್ಲಿ ಹುಟ್ಟಿದ ತಿರುಮಲಾಂಬ ಅವರ ಕಥೆಯನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದಲ್ಲಿ ಅಂಥ ಹುಡುಗಿಗೆ ಅಡಿಗೆಮನೆಯ ಮೂಲೆ ಬಿಟ್ಟು ಬೇರೆ ಜಾಗವಿರಲಿಲ್ಲ. ಅವರ ತಂದೆ ವಕೀಲರು, ಮಗಳಿಗೆ ಮನೆಯಲ್ಲೇ ಓದಲು ಅನುವು ಮಾಡಿಕೊಟ್ಟರು. ಆಕೆ ಓದಿದ್ದು ಮಾತ್ರವಲ್ಲ, ನೆರೆಹೊರೆಯ ಹೆಂಗಸರನ್ನೂ ಹುಡುಗಿಯರನ್ನೂ ಮನೆಯಲ್ಲೇ ಕೂರಿಸಿಕೊಂಡು ಅಕ್ಷರ ಕಲಿಸಿದರು. 1913ರಲ್ಲಿ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿದರು. ‘ಸುಶೀಲೆ’ ಎಂಬ ಕಾದಂಬರಿಯೂ ಆ ವರ್ಷದ್ದೇ. 1916ರಲ್ಲಿ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆ. ಬರೆಯುವವರೂ ಅವರೇ, ಪ್ರಕಟಿಸುವವರೂ ಅವರೇ, ಸಂಪಾದಿಸುವವರೂ ಅವರೇ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ವರ್ಷವೂ 1916 ಎಂಬುದನ್ನು ನೆನೆದರೆ, ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತಲಾಗದ ಒಬ್ಬ ವಿಧವೆ ಇತ್ತ ಕಡೆ ಮಾಡುತ್ತಿದ್ದ ಕೆಲಸ ಎಂಥದ್ದು ಎಂದು ಬೆರಗಾಗುತ್ತದೆ.

‘ಸತೀಹಿತೈಷಿಣೀ’ ಎಂಬ ಹೆಸರು ಕೇಳಿ ಇಂದಿನ ಹುಡುಗಿಯರು ಮೂಗು ಮುರಿಯುತ್ತಾರೆ. ನನ್ನ ಸೊಸೆಯೂ ಮುರಿದಳು. ಪತಿವ್ರತೆಯರಿಗೆ ಬುದ್ಧಿ ಹೇಳುವ ಪುಸ್ತಕಗಳೇ ಎಂದು ಕೇಳಿದಳು. ಹೌದು, ಬುದ್ಧಿ ಹೇಳುವ ಭಾಗ ಅವುಗಳಲ್ಲಿ ಬಹಳ ಇದೆ. ಇಲ್ಲವೆನ್ನಲಾರೆ. ಆದರೆ ಆ ಹೆಸರು ಇಲ್ಲದಿದ್ದರೆ ಆ ಪುಸ್ತಕ ಯಾವ ಮನೆಯ ಹೊಸ್ತಿಲನ್ನು ದಾಟುತ್ತಿತ್ತು ಹೇಳಿ? ಅತ್ತೆಯ ಎದುರಿಗೆ ಹಿಡಿದು ಓದಬಹುದಾದ ಹೆಸರು ಅದು. ಆಮೇಲೆ ತಿರುಮಲಾಂಬ ಬರೆಯುವುದನ್ನು ನಿಲ್ಲಿಸಿದರು, ಮದರಾಸಿಗೆ ಹೋದರು, ಕನ್ನಡದವರು ಅವರನ್ನು ದಶಕಗಳ ಕಾಲ ಮರೆತೇಬಿಟ್ಟರು. 1982ರಲ್ಲಿ ತೀರಿಕೊಂಡರು. ಈಗ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಇದೆ.

ತಲೆಯ ಮೇಲೆ ಪುಸ್ತಕದ ಗಂಟು ಹೊತ್ತು ಊರೂರು ಮಾರಿದ ಗಳಗನಾಥರನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕಾದ್ದೇ. ನಮ್ಮ ಮೈಸೂರಿನಲ್ಲೂ ವಿಶ್ವವಿದ್ಯಾನಿಲಯದವರು ಪ್ರಚಾರೋಪನ್ಯಾಸ ಮಾಲೆ ಎಂದು ಸಣ್ಣ ಸಣ್ಣ ಪುಸ್ತಕ ಹಾಕಿ ಕೆಲವೇ ಆಣೆಗೆ ಕೊಡುತ್ತಿದ್ದರು. ಅಣ್ಣನ ಕಪಾಟಿನಲ್ಲಿ ಅವು ಒಂದು ಸಾಲು ಇದ್ದವು. ಆದರೆ ಕೊಂಡ ಪುಸ್ತಕ ಆಮೇಲೆ ಎಷ್ಟು ಮನೆ ತಿರುಗಿತು, ಯಾರ ಸೆರಗಿನಲ್ಲಿ ಹೋಗಿ ಯಾರ ದಿಂಬಿನ ಕೆಳಗೆ ಮಲಗಿತು ಎಂಬ ಲೆಕ್ಕವನ್ನು ಯಾವ ಇತಿಹಾಸದವರೂ ಬರೆದಿಟ್ಟಿಲ್ಲ. ನಮ್ಮ ಅಮ್ಮ ಬರೆದಿಟ್ಟಿದ್ದಳು! ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂಭಾಗದಲ್ಲಿ, ಪೆನ್ಸಿಲಿನಲ್ಲಿ. ಪುಸ್ತಕದ ಹೆಸರು, ತೆಗೆದುಕೊಂಡವರು, ಹಿಂತಿರುಗಿದ ದಿನ. ಆ ನೋಟ್‌ಬುಕ್ಕು ನನ್ನಲ್ಲಿದೆ. ಅದರಲ್ಲಿ ‘ಮಹಡಿ’, ‘ಹಿಂದಿನ ಮನೆ’, ‘ಮೇಷ್ಟರ ಮನೆ’ ಎಂದು ಇದೆ. ಮತ್ತೆ ಒಂದು ಕಡೆ, ಒಂದೇ ಒಂದು ಕಡೆ, ‘ಬೂಬಮ್ಮ’ ಎಂದು ಇದೆ.

ಅದನ್ನು ಹೇಳಬೇಕೆಂದೇ ಇಷ್ಟು ಪೀಠಿಕೆ.

1967ರಲ್ಲಿ ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ ಸಿನಿಮಾ ಬಂತು. ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ. ಕಲ್ಪನಾ ಅಭಿನಯ ನೋಡಿ ಬಂದವರೆಲ್ಲ ಅತ್ತುಕೊಂಡೇ ಮನೆಗೆ ಬಂದರು. ಕಾದಂಬರಿ ತ್ರಿವೇಣಿಯವರದು. ಅವರು ನಮ್ಮೂರಿನವರೇ, ಚಾಮರಾಜಪುರಂನಲ್ಲಿ ಇದ್ದವರು. ಮನಸ್ಸಿನ ಕಾಯಿಲೆಯನ್ನು ದೆವ್ವ ಎನ್ನದೆ ಕಾಯಿಲೆ ಎಂದೇ ಬರೆದು ಹೆಂಗಸರಿಗೆ ತಿಳಿಸಿಕೊಟ್ಟ ಲೇಖಕಿ. 1963ರಲ್ಲಿ, ಮೂವತ್ತೈದು ತುಂಬುವ ಮುಂಚೆಯೇ, ಬಾಣಂತನದಲ್ಲಿ ಹೋಗಿಬಿಟ್ಟರು. ಸಿನಿಮಾ ಬಂದ ಮೇಲೆ ಆ ಪುಸ್ತಕಕ್ಕೆ ವಠಾರದಲ್ಲಿ ಪಾಳಿ ಹಚ್ಚಬೇಕಾಯಿತು. ಒಬ್ಬರಿಗೆ ಮೂರು ದಿನ, ಅಷ್ಟೇ. ನನಗೆ ಆಗ ಹನ್ನೆರಡು ವರ್ಷ. ನನಗೆ ಪಾಳಿಯೇ ಇಲ್ಲ. ಮಧ್ಯಾಹ್ನ ಅಮ್ಮ ಮಲಗಿದಾಗ ಕದ್ದು ಓದುವುದು.

ನಮಗೆ ರವಿಕೆ ಹೊಲಿದುಕೊಡುತ್ತಿದ್ದವರು ಮಂಡಿ ಮೊಹಲ್ಲಾದ ಒಬ್ಬ ಮುಸ್ಲಿಂ ಹೆಂಗಸು. ಬಟ್ಟೆ ತೆಗೆದುಕೊಂಡು ಹೋಗಿ ಎಂಟು ದಿನಕ್ಕೆ ಹೊಲಿದು ತಂದುಕೊಡುವರು. ನಾವೆಲ್ಲ ಬೂಬಮ್ಮ ಎಂದು ಕರೆಯುತ್ತಿದ್ದೆವು. ಜಗಲಿಯ ಮೇಲೆ ಕೂತು, ಕೊಟ್ಟರೆ ಬೇರೆ ಲೋಟದಲ್ಲಿ ಕಾಫಿ ಕುಡಿದು, ಆ ಲೋಟವನ್ನು ತಾವೇ ತೊಳೆದು ಬೋರಲು ಹಾಕಿ ಹೋಗುವರು. ಅದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಅವರಿಗೂ ಕಾಣುತ್ತಿರಲಿಲ್ಲ ಎಂದು ನಾವು ಅಂದುಕೊಂಡಿದ್ದೆವು.

ಒಂದು ದಿನ ಜೊತೆಯಲ್ಲಿ ಮಗಳು ಬಂದಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳಿರಬಹುದು, ಎರಡು ಜಡೆ. ಅಮ್ಮ ಟೀ ಪೆಟ್ಟಿಗೆ ಮುಚ್ಚುತ್ತಿದ್ದಳು. ಆ ಹುಡುಗಿ ಒಳಗೆ ಇಣುಕಿ ಪುಸ್ತಕಗಳ ಹೆಸರುಗಳನ್ನು ಮೆಲ್ಲಗೆ ಓದತೊಡಗಿತು.

“ಇವಳು ಕನ್ನಡ ಸ್ಕೂಲಲ್ಲೇ ಓದೋದು ಅಮ್ಮಾ. ಮನೇಲಿ ಓದೋಕೆ ಏನೂ ಇಲ್ಲ ಅಂತ ನನ್ನ ಪ್ರಾಣ ತಿಂತಾಳೆ. ಒಂದು ಪುಸ್ತಕ ಕೊಡ್ತೀರಾ? ಜೋಪಾನವಾಗಿ ತಂದುಕೊಡ್ತೀನಿ” ಎಂದರು ಬೂಬಮ್ಮ.

ಅಮ್ಮ ಒಂದು ಕ್ಷಣ ಒಳಗೆ ನೋಡಿದಳು. ಒಳಗೆ ಅಜ್ಜಿ ಇದ್ದರು. ಆಮೇಲೆ ಏನನ್ನಿಸಿತೋ, ‘ಬೆಳ್ಳಿಮೋಡ’ವನ್ನೇ ತೆಗೆದುಕೊಟ್ಟಳು. “ಮೂರೇ ದಿನ ಕಣಮ್ಮ, ಕಾಯ್ತಿದಾರೆ” ಎಂದಳು.

ಮೂರನೆಯ ದಿನ ಸರಿಯಾಗಿ ಹುಡುಗಿ ಒಬ್ಬಳೇ ಬಂದಳು. ಪುಸ್ತಕಕ್ಕೆ ಹೊಸ ಕಂದು ಕಾಗದದ ಹೊದಿಕೆ ಹಾಕಿದ್ದಳು, ಹರಿದಿದ್ದ ಎರಡು ಹಾಳೆಗೆ ತೆಳು ಕಾಗದ ಅಂಟಿಸಿದ್ದಳು. ಅಮ್ಮ ಕೊಳಾಯಿಯ ಹತ್ತಿರವಿದ್ದಳು, ನಾನೇ ಇಸಿದುಕೊಂಡೆ. ಒಳಗಿನಿಂದ ಅಜ್ಜಿ, “ಅಲ್ಲೇ ಇಡೇ, ಒಳಗೆ ತರಬೇಡ, ಸಂಜೆವರೆಗೂ ಬಿಸಿಲಿಗೆ ಇಡು” ಎಂದರು. ನಾನು ಪುಸ್ತಕವನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟು, ಗಾಳಿಗೆ ಹಾರದಿರಲೆಂದು ಒಂದು ಕಲ್ಲು ಹೇರಿ, ಕೈ ತೊಳೆದುಕೊಂಡೆ. ತಿರುಗಿ ನೋಡಿದರೆ ಹುಡುಗಿ ಹೋಗಿರಲಿಲ್ಲ. ಗೇಟಿನ ಹತ್ತಿರ ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತಿದ್ದಳು. ನನ್ನನ್ನೂ ಗೋಡೆಯ ಮೇಲಿನ ಪುಸ್ತಕವನ್ನೂ ನೋಡಿದಳು. ಏನೂ ಅನ್ನಲಿಲ್ಲ. ಹೋದಳು.

ನಮ್ಮ ಅಜ್ಜಿ ಕೆಟ್ಟವರೆಂದು ತಿಳಿಯಬೇಡಿ. ದಸರೆಯ ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸಿ ಅರಿಶಿನ ಕುಂಕುಮ ಹಚ್ಚಿ, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಿ ಎಂದು ಕಲಿಸಿದವರು ಅವರೇ. ಪುಸ್ತಕ ಸರಸ್ವತಿ, ಅದಕ್ಕೆ ಮೈಲಿಗೆಯಿಲ್ಲ ಎಂದೂ ಹೇಳುತ್ತಿದ್ದರು! ಬೂಬಮ್ಮ ಹೊಲಿದ ರವಿಕೆಗೆ ನೀರಿನಲ್ಲಿ ಒಮ್ಮೆ ಅದ್ದಿದರೆ ಸಾಕಿತ್ತು. ಪುಸ್ತಕವನ್ನು ಅದ್ದುವಂತಿಲ್ಲವಲ್ಲ, ಆದ್ದರಿಂದ ಬಿಸಿಲು. ಇದು ಅವರ ತರ್ಕ. ಅದರಲ್ಲಿ ತಪ್ಪಿದೆ ಎಂದು ಹನ್ನೆರಡು ವರ್ಷದ ನನಗೆ ಗೊತ್ತಾಗಿತ್ತು. ಅದಕ್ಕೇ ಇಂದಿಗೂ ಅಜ್ಜಿಯ ಮೇಲೆ ಹೊರಿಸಲು ಆಗುವುದಿಲ್ಲ. ಇಟ್ಟ ಕೈ ನನ್ನದು.

ಆಮೇಲೆ ಬೂಬಮ್ಮ ಎಂದಿನಂತೆಯೇ ಬಂದರು, ರವಿಕೆ ಹೊಲಿದರು. ಪುಸ್ತಕದ ಮಾತು ಎತ್ತಲಿಲ್ಲ. ಅಮ್ಮನೇ ಒಂದು ಸಲ, “ಮಗಳಿಗೆ ಪುಸ್ತಕ ಬೇಡವೇ?” ಎಂದು ಕೇಳಿದಳು. “ಅವಳಿಗೆ ಪರೀಕ್ಷೆ ಅಮ್ಮಾ” ಎಂದರು. ಹುಡುಗಿಯ ಹೆಸರು ನಮಗೆ ತಿಳಿಯಲೇ ಇಲ್ಲ. ಬೂಬಮ್ಮನ ಹೆಸರೂ!

ಈ ಲೆಕ್ಕದ ಇನ್ನೊಂದು ಭಾಗವೂ ಇದೆ. ಟೀ ಪೆಟ್ಟಿಗೆಯಿಂದ ಪುಸ್ತಕ ಯಾರಿಗೆ ಹೋಗಲಿಲ್ಲ ಎಂಬುದು ಒಂದು. ಟೀ ಪೆಟ್ಟಿಗೆಯ ಒಳಗಿನ ಪುಸ್ತಕಗಳಲ್ಲಿ ಯಾರು ಇರಲಿಲ್ಲ ಎಂಬುದು ಇನ್ನೊಂದು. ನಾವು ಓದಿ ಅಳುತ್ತಿದ್ದ ಕಥೆಗಳ ಹೆಂಗಸರೆಲ್ಲ ಹೆಚ್ಚುಕಡಿಮೆ ನಮ್ಮಂಥ ಮನೆಯವರೇ. ಅವರ ನಡುಮನೆಯಲ್ಲೂ ತೂಗುಮಣೆ, ಅವರ ಅಡಿಗೆಮನೆಯಲ್ಲೂ ಹುಳಿ. ಕೆಲಸದವಳು ಬಂದರೆ ಬಾಗಿಲು ಗುಡಿಸಿ ಹೋಗುವುದಕ್ಕೆ ಬರುವಳು. ತ್ರಿವೇಣಿಯವರನ್ನು ನಾನು ಇದಕ್ಕೆ ದೂರುವುದಿಲ್ಲ. ಅವರು ತಮಗೆ ಗೊತ್ತಿದ್ದ ಮನೆಯನ್ನು ಅದರ ನೋವಿನ ಸಮೇತ ಬರೆದರು. ಉಳಿದ ಮನೆಗಳವರಿಗೆ ಬರೆಯುವ ಅವಕಾಶ ಬರಬೇಕಾಗಿತ್ತು.

ಅದು ಬಂದದ್ದು ನನ್ನ ಮದುವೆಯಾದ ಮೇಲೆ. ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವ ಅವರು 1984ರಲ್ಲಿ ‘ಕುಸುಮಬಾಲೆ’ ಬರೆದರು. ತಿರುಮಲಾಂಬ ಅವರ ತಾಲ್ಲೂಕೇ, ಆದರೆ ಕೇರಿ ಬೇರೆ, ಭಾಷೆಯೂ ಬೇರೆ. ಮೈಸೂರಿನವಳೇ ಆದ ನನಗೆ ಮೈಸೂರು ಸೀಮೆಯ ಆ ಕನ್ನಡ ಮೊದಲ ಸಲ ಅರ್ಥವಾಗಲಿಲ್ಲ ಎಂದರೆ ನಂಬುತ್ತೀರಾ! ನಮ್ಮ ಮನೆಗೆ ಸೊಪ್ಪು ತರುತ್ತಿದ್ದ ಆಯಮ್ಮನ ಮಾತನ್ನು ನೆನಪು ಮಾಡಿಕೊಂಡು, ಜೋರಾಗಿ ಓದಿದಾಗ ದಾರಿ ಸಿಕ್ಕಿತು. ಆ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅದೇ ಎಂಬತ್ತರ ದಶಕದಲ್ಲಿ ಸಾರಾ ಅಬೂಬಕ್ಕರ್ ಬಂದರು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮುಸ್ಲಿಂ ಹುಡುಗಿಯರು ಶಾಲೆಯಲ್ಲಿ ಮುಂದೆ ಓದುವುದೇ ಅಪರೂಪವಾಗಿದ್ದ ಕಡೆ ಕನ್ನಡ ಓದಿದವರು. ‘ಚಂದ್ರಗಿರಿಯ ತೀರದಲ್ಲಿ’ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ತಲಾಖಿನ ಕಟ್ಟಳೆಯಲ್ಲಿ ಸಿಕ್ಕಿಕೊಂಡ ನಾದಿರಾ ಎಂಬ ಹುಡುಗಿಯ ಕಥೆ. ಅದನ್ನು ಓದುವಾಗ ನನ್ನ ಕಣ್ಣಿಗೆ ಕಾಣುತ್ತಿದ್ದುದು ಎರಡು ಜಡೆ. ಮೇಷ್ಟರ ಹೆಂಡತಿ ಆಗ ತೀರಾ ವಯಸ್ಸಾದವರು. ಆ ಪುಸ್ತಕವನ್ನು ಅವರಿಗೆ ಕೊಟ್ಟೆ. ಓದಿ ಮುಗಿಸಿ, “ಇವರ ಮನೆಯಲ್ಲೂ ಇದೇನೇ?” ಎಂದು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಸಾರಾ ಅವರು 2023ರ ಜನವರಿಯಲ್ಲಿ ಹೋದರು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಹುಮಾನ ಬಂದದ್ದನ್ನೂ, ಅದೇ ವರ್ಷ ಅವರು ಚಾಮುಂಡಿ ಬೆಟ್ಟದಲ್ಲಿ ನಮ್ಮ ದಸರೆಯನ್ನು ಉದ್ಘಾಟಿಸಿದ್ದನ್ನೂ, ಅದಕ್ಕೆ ಎದ್ದ ತಕರಾರನ್ನೂ ನೀವು ಬಲ್ಲಿರಿ. ದಸರೆ ಉದ್ಘಾಟಿಸಿದ ಮೊದಲ ಮುಸ್ಲಿಂ ಲೇಖಕರೇನೂ ಅವರಲ್ಲ, 2017ರಲ್ಲಿ ನಿಸಾರ್ ಅಹಮದ್ ಉದ್ಘಾಟಿಸಿದ್ದರು. ಆಗ ಯಾರೂ ಇಷ್ಟು ಗದ್ದಲ ಮಾಡಿರಲಿಲ್ಲ.

ಈಗ ರಾಜೀವನಗರದ ವಿಷಯ. ಉದಯಗಿರಿಯ ಪಕ್ಕದ ಬಡಾವಣೆ ಅದು, ಹೆಚ್ಚಾಗಿ ಮುಸ್ಲಿಮರು ಇರುವ ಕಡೆ. ಹುಟ್ಟಿದಾಗಿನಿಂದ ಮೈಸೂರಿನಲ್ಲೇ ಇದ್ದರೂ ನಾನು ಅತ್ತ ಕಾಲಿಟ್ಟವಳಲ್ಲ. ಕೆಲಸವಿರಲಿಲ್ಲ ಎಂದು ಹೇಳಬಹುದು. ಕೆಲಸವಿಲ್ಲದೆಯೂ ನಾನು ಹೋದ ಬಡಾವಣೆಗಳು ಬೇಕಾದಷ್ಟಿವೆ!

ಅಲ್ಲಿ ಸೈಯದ್ ಇಸಾಕ್ ಎಂಬ ದಿನಗೂಲಿ ಕಾರ್ಮಿಕರು 2011ರಲ್ಲಿ ಒಂದು ಗ್ರಂಥಾಲಯ ಆರಂಭಿಸಿದರು. ಒಳಚರಂಡಿಯ ಕೆಲಸವೂ ಸೇರಿದಂತೆ ಸಿಕ್ಕ ಕೂಲಿ ಮಾಡಿಕೊಂಡಿದ್ದವರು. ಚಿಕ್ಕಂದಿನಲ್ಲೇ ದುಡಿಮೆಗೆ ಬಿದ್ದು ಶಾಲೆಯ ಓದು ತಮಗೆ ಸಿಗಲಿಲ್ಲ, ಉಳಿದವರಿಗಾದರೂ ಸಿಗಲಿ ಎಂಬುದು ಅವರ ಹಟ. ಒಂದು ಶೆಡ್ಡು, ಒಳಗೆ ಪುಸ್ತಕ, ಮೇಜಿನ ಮೇಲೆ ಹದಿನೈದಕ್ಕೂ ಹೆಚ್ಚು ಪತ್ರಿಕೆ. ಕೂಲಿಯ ಹಣದಲ್ಲಿ ತಿಂಗಳಿಗೆ ಸುಮಾರು ಆರು ಸಾವಿರ ರೂಪಾಯಿ ಅದಕ್ಕೇ ಹೋಗುತ್ತಿತ್ತಂತೆ. ದಿನಕ್ಕೆ ನೂರಕ್ಕೂ ಹೆಚ್ಚು ಜನ ಬಂದು ಓದುವರು. ಪುಸ್ತಕ ಹನ್ನೊಂದು ಸಾವಿರ, ಬಹುಪಾಲು ಕನ್ನಡದವು. ಅವುಗಳಲ್ಲಿ ಭಗವದ್ಗೀತೆಯ ಪ್ರತಿಗಳೇ ಮೂರು ಸಾವಿರ, ಕುರಾನ್ ಮತ್ತು ಬೈಬಲ್ಲಿನ ಪ್ರತಿಗಳು ಸಾವಿರದ ಮೇಲೆ.

ಇಲ್ಲಿ ನಾನು ಒಂದು ನಿಮಿಷ ನಿಲ್ಲುತ್ತೇನೆ. ನಮ್ಮ ಟೀ ಪೆಟ್ಟಿಗೆಯಲ್ಲಿ ಕುರಾನಿನ ಕನ್ನಡ ಅನುವಾದ ಇರುತ್ತಿತ್ತೇ? ಇರಲಿ, ಬೈಬಲ್? ಐದು ಮನೆಯ ವಿದ್ಯಾವಂತರಿಗೆ ಬಾರದ ಯೋಚನೆ ಶಾಲೆಗೆ ಹೋಗದ ಒಬ್ಬ ಕೂಲಿಯವರಿಗೆ ಬಂದಿತ್ತು.

2021ರ ಏಪ್ರಿಲ್ 9, ಶುಕ್ರವಾರ, ಬೆಳಗಿನ ಜಾವ ಆ ಗ್ರಂಥಾಲಯ ಸುಟ್ಟುಹೋಯಿತು. ಒಂದು ಪುಸ್ತಕವೂ ಉಳಿಯಲಿಲ್ಲ ಎಂದು ಪತ್ರಿಕೆಯಲ್ಲಿ ಓದಿದೆ. ಕರಿ ಬೂದಿಯ ಮುಂದೆ ಅವರು ನಿಂತಿದ್ದ ಚಿತ್ರ ಇತ್ತು. ಮತ್ತೆ ಕಟ್ಟುತ್ತೇನೆ ಎಂದು ಅವರು ಹೇಳಿದ್ದರು. ಊರೂರಿನ ಜನ, ಗುರುತು ಪರಿಚಯ ಇಲ್ಲದವರು, ಕೆಲವೇ ದಿನದಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಗಿಲಾಗಿ ಹಣ ಕೂಡಿಸಿದರು. ಪುಸ್ತಕ ಕೊಡುತ್ತೇವೆ ಎಂದವರೂ ಎಷ್ಟೋ ಜನ.

ನಾನೂ ಪುಸ್ತಕ ಕಟ್ಟಿದೆ. ನಲವತ್ತು ಪುಸ್ತಕ, ಎರಡು ಗಂಟು. ಮಗ ಭಾನುವಾರ ಕೊಟ್ಟು ಬರುತ್ತೇನೆ ಎಂದ. ಅಷ್ಟರಲ್ಲಿ ಕೊರೋನಾ ಎರಡನೆಯ ಅಲೆ, ಏಪ್ರಿಲ್ ಕೊನೆಗೆ ಊರೆಲ್ಲ ಬಂದ್. ಗಂಟು ಎರಡು ತಿಂಗಳು ನಡುಮನೆಯಲ್ಲೇ ಕೂತಿತು. ಅದನ್ನು ದಾಟಿಕೊಂಡೇ ಓಡಾಡಬೇಕಾಗಿತ್ತು. ಒಂದು ಮಧ್ಯಾಹ್ನ, ಮಾಡಲು ಏನೂ ಇಲ್ಲದೆ, ಗಂಟು ಬಿಚ್ಚಿದೆ. ಕೆಳಗಿನಿಂದ ಮೂರನೆಯದು ‘ಬೆಳ್ಳಿಮೋಡ’. ಕಂದು ಕಾಗದದ ಹೊದಿಕೆ ಹಾಗೇ ಇದೆ. ಒಂದು ಬದಿ ಬಿಸಿಲಿಗೆ ಬಿಳಿಚಿಕೊಂಡಿದೆ, ನಡುವೆ ಕಲ್ಲು ಕೂತಿದ್ದಷ್ಟು ಜಾಗ ಮಾತ್ರ ಕಂದು. ಒಂದು ಮಧ್ಯಾಹ್ನದ ಬಿಸಿಲು ಐವತ್ತು ವರ್ಷ ಉಳಿಯುತ್ತದೆಯೇ ಎಂದು ಮಗ ನಕ್ಕ. ಉಳಿಯುವುದಿಲ್ಲವೇನೋ, ಬೇರೆ ಯಾವುದೋ ಕಲೆ ಇರಬಹುದು. ನನಗಂತೂ ಅದು ಕಲ್ಲಿನ ಗುರುತೇ. ಅದನ್ನು ಹೊರಗಿಟ್ಟು, ಮೂವತ್ತೊಂಬತ್ತನ್ನು ಮತ್ತೆ ಕಟ್ಟಿದೆ. ಆಷಾಢದಲ್ಲಿ ಮಗ ಕೊಟ್ಟು ಬಂದ.

ಆ ಎರಡು ತಿಂಗಳಲ್ಲಿ ನಾನು ಕೆಲವು ಸಂಗತಿ ತಿಳಿದುಕೊಂಡೆ. ನಾವು ವರ್ಷವರ್ಷ ಕಟ್ಟುವ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಎಂದು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಬಂದದ್ದು ಅದು. ಈಗ ರೂಪಾಯಿಗೆ ಆರು ಪೈಸೆ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು ಎಂಬುದನ್ನು ಗ್ರಂಥಾಲಯದ ಸೂತ್ರವಾಗಿಯೇ 1931ರಲ್ಲಿ ಬರೆದಿಟ್ಟ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. ಅಂದರೆ ನಮ್ಮ ಪ್ರತಿ ಮನೆಯಿಂದಲೂ ಪುಸ್ತಕಕ್ಕೆಂದು ಹಣ ಹೋಗುತ್ತಲೇ ಇದೆ. ಆದರೂ ಒಂದು ಬಡಾವಣೆಗೆ ಒಬ್ಬ ಕೂಲಿಯವರು ತಮ್ಮ ಕೂಲಿಯಿಂದ ಪತ್ರಿಕೆ ತರಿಸಬೇಕಾಗಿತ್ತು. ಇದನ್ನು ನೀವು ನಿಮ್ಮ ವಾರ್ಡಿನವರನ್ನು ಕೇಳಬಹುದು. ನಾನು ಕೇಳಿದೆ. ಉತ್ತರ ಇನ್ನೂ ಬಂದಿಲ್ಲ.

ಇನ್ನೊಂದು ಸಂಗತಿ ಅಮೆರಿಕದ್ದು, ಸೊಸೆ ಹೇಳಿದ್ದು. 2009ರಲ್ಲಿ ವಿಸ್ಕಾನ್ಸಿನ್ ಎಂಬ ರಾಜ್ಯದ ಹಡ್ಸನ್ ಊರಿನಲ್ಲಿ ಟಾಡ್ ಬೋಲ್ ಎಂಬಾತ, ಮೇಷ್ಟ್ರಾಗಿದ್ದ ತನ್ನ ತಾಯಿಯ ನೆನಪಿಗೆ ಪುಟ್ಟ ಶಾಲೆಯ ಆಕಾರದ ಪೆಟ್ಟಿಗೆ ಮಾಡಿ, ಪುಸ್ತಕ ತುಂಬಿ, ಮನೆಯ ಮುಂದೆ ನಿಲ್ಲಿಸಿದನಂತೆ. ಬೇಕಾದವರು ತೆಗೆದುಕೊಳ್ಳಬಹುದು, ಇದ್ದವರು ಇಡಬಹುದು. ಅದನ್ನು ನೋಡಿ ಎಷ್ಟೋ ದೇಶಗಳಲ್ಲಿ ಜನ ಹಾಗೆ ಪೆಟ್ಟಿಗೆ ಇಟ್ಟರು. ಕೇಳಿ ನನಗೆ ನಗು ಬಂತು. ನಮ್ಮ ಅಮ್ಮ 1965ರಲ್ಲೇ ಇಟ್ಟಿದ್ದಳಲ್ಲ! ಆದರೆ ಆ ಪೆಟ್ಟಿಗೆ ಬೀದಿಯಲ್ಲಿತ್ತು, ನಮ್ಮದು ನಡುಮನೆಯಲ್ಲಿತ್ತು. ವ್ಯತ್ಯಾಸ ಅಷ್ಟೇ, ಅಷ್ಟೂ.

ಈಗ ನಮ್ಮ ಮನೆಯ ಗೇಟಿನ ಒಳಗೆ, ಯಾರು ಬೇಕಾದರೂ ಕೈ ಹಾಕುವಂತೆ, ಒಂದು ಕಪಾಟು ಇದೆ. ಮಳೆ ಬೀಳದಂತೆ ಮೇಲೆ ತಗಡು. ಟೀ ಪೆಟ್ಟಿಗೆ ಗೆದ್ದಲು ಹಿಡಿದು ಯಾವಾಗಲೋ ಹೋಯಿತು. ಕಪಾಟಿನಲ್ಲಿ ಗೀತಾ ನಾಗಭೂಷಣರ ‘ಬದುಕು’ ಇದೆ, ಬಿ. ಟಿ. ಲಲಿತಾ ನಾಯಕ್ ಇದ್ದಾರೆ, ಸಿದ್ಧಲಿಂಗಯ್ಯನವರ ‘ಊರು ಕೇರಿ’ ಇದೆ. ಹೆಣ್ಣಾಗಿ ಬದುಕಲು ಹೊರಟ ಎ. ರೇವತಿಯವರ ಆತ್ಮಕಥೆ ‘ಬದುಕು ಬಯಲು’ ಇದೆ. ಅದನ್ನು ಇಡುವಾಗ ಪಕ್ಕದ ಮನೆಯವರು ಏನೆಂದಾರೋ ಎಂದು ನನಗೆ ಅಳುಕಿತ್ತು, ಮುಚ್ಚುಮರೆ ಯಾಕೆ. ಮೊದಲು ತೆಗೆದುಕೊಂಡು ಹೋದವರು ಪಕ್ಕದ ಮನೆಯವರೇ! ಕಾದಂಬರಿ, ಅಡಿಗೆ, ಜ್ಯೋತಿಷ್ಯವೂ ಉಂಟು. ಬರೀ ದೊಡ್ಡ ಪುಸ್ತಕ ಇಟ್ಟರೆ ಯಾರೂ ಬರುವುದಿಲ್ಲ, ಇದು ಅನುಭವದ ಮಾತು. ಮನೆಕೆಲಸಕ್ಕೆ ಬರುವ ಹುಡುಗಿಯರು, ಹೂ ಮಾರುವಾಕೆ, ಎದುರಿನ ಪಿ.ಜಿ.ಯ ವಿದ್ಯಾರ್ಥಿನಿಯರು, ಆಟೋದವರು ಎಲ್ಲ ತೆಗೆದುಕೊಂಡು ಹೋಗುತ್ತಾರೆ. ಹತ್ತಕ್ಕೆ ಮೂರು ಹಿಂತಿರುಗುವುದಿಲ್ಲ. ಹೋಗಲಿ, ಎಲ್ಲೋ ಇರುತ್ತವೆ.

ಒಂದು ನೋಟ್‌ಬುಕ್ಕು ಕಟ್ಟಿಹಾಕಿದ್ದೇನೆ, ದಾರದಲ್ಲಿ ಪೆನ್ಸಿಲು. ಹೆಸರು ಬರೆಯಬೇಕೆಂಬ ಕಟ್ಟುಪಾಡಿಲ್ಲ. ನಾನು ಗೇಟಿನಲ್ಲಿದ್ದರೆ ಮಾತ್ರ ಕೇಳುತ್ತೇನೆ, “ನಿಮ್ಮ ಹೆಸರು ಏನಮ್ಮ?” ಎಂದು.

‘ಬೆಳ್ಳಿಮೋಡ’ವನ್ನೂ ಅದರಲ್ಲೇ ಇಟ್ಟೆ. ಆ ಹೊದಿಕೆಯನ್ನು ಬದಲಾಯಿಸಲಿಲ್ಲ. ಹೋದ ವರ್ಷ ಎರಡು ಸಲ ಹೋಗಿ ಬಂತು. ಒಂದು ಸಲ ಒಳಗೆ ಬಸ್ಸಿನ ಟಿಕೆಟ್ಟು ಇತ್ತು, ಇನ್ನೊಂದು ಸಲ ಒಗ್ಗರಣೆಯ ಎಣ್ಣೆಯ ಬೊಟ್ಟು. ಈಗ ಮತ್ತೆ ಹೊರಗೆ ಹೋಗಿದೆ. ಮೂರು ದಿನ ಎಂದು ಹೇಳಿದ್ದೆ, ಮೂರು ವಾರವಾಯಿತು.